ಪಾಠ ಮೊದಲು, ಆರತಿ ಆಮೇಲೆ

ಈ ಅಂಕಣ ಓದುವವರು ಮತ್ತೆ ಮತ್ತೆ ಕೇಳುವ ಪ್ರಶ್ನೆಯೊಂದಿದೆ. ಕೇಳುವವರು ಹೆಚ್ಚಾಗಿ ತಾಯಂದಿರು, ಅಪರೂಪಕ್ಕೊಬ್ಬ ತಂದೆ. 'ಮಗಳಿಗೆ ಹತ್ತು ತುಂಬಿತು ಡಾಕ್ಟ್ರೇ. ಮುಟ್ಟಿನ ವಿಷಯ ಈಗಲೇ ಹೇಳಬೇಕಾ? ಇನ್ನೂ ಚಿಕ್ಕವಳು, ಹೆದರಿಕೊಂಡರೆ?' ಹೇಳಿ, ಈಗಲೇ ಹೇಳಿ ಎನ್ನುತ್ತೇನೆ. ರಕ್ತ ಕಂಡ ದಿನ ಹೇಳಹೊರಟರೆ ಆ ಹುಡುಗಿಯ ಕಿವಿಗೆ ಏನೂ ಇಳಿಯುವುದಿಲ್ಲ. ನನ್ನ ಹತ್ತಿರ ಬರುವ ಹೆಣ್ಣುಮಕ್ಕಳಲ್ಲಿ ಎಷ್ಟೋ ಮಂದಿ, ಮೊಮ್ಮಕ್ಕಳನ್ನು ಕಂಡವರೂ ಸೇರಿ, ತಮ್ಮ ಮೊದಲ ದಿನದ ಬಗ್ಗೆ ಹೇಳುವುದು ಹೆಚ್ಚುಕಡಿಮೆ ಒಂದೇ ಮಾತು: ಒಳಗೆಲ್ಲೋ ಗಾಯವಾಗಿದೆ, ಏನೋ ದೊಡ್ಡ ಕಾಯಿಲೆ ಬಂದಿದೆ, ಇನ್ನು ನಾನು ಉಳಿಯೋದಿಲ್ಲ ಅಂದುಕೊಂಡಿದ್ದೆ. ಆ ಹೆದರಿಕೆಗೆ ಕಾರಣ ರಕ್ತವಲ್ಲ. ಮುಂಚೆ ಯಾರೂ ಹೇಳಿರಲಿಲ್ಲ, ಅಷ್ಟೇ.

ಶಾಲೆಯಲ್ಲಿ ಹೇಳಿಕೊಡುತ್ತಾರಲ್ಲ ಅನ್ನುವವರು ಸ್ವಲ್ಪ ಲೆಕ್ಕ ಹಾಕಿ ನೋಡಬೇಕು. ನಮ್ಮ ಮಕ್ಕಳು ಓದುತ್ತಾ ಬಂದ ಪಠ್ಯದಲ್ಲಿ ಹದಿಹರೆಯದ ಪಾಠ ಇರುವುದು ಎಂಟನೇ ತರಗತಿಯ ವಿಜ್ಞಾನದಲ್ಲಿ. ಸಂತಾನೋತ್ಪತ್ತಿಯ ವಿವರವಾದ ಪಾಠ ಬರುವುದು ಹತ್ತನೇ ತರಗತಿಗೆ. ನಮ್ಮ ಹೆಣ್ಣುಮಕ್ಕಳು ಸರಾಸರಿ ಹನ್ನೆರಡು, ಹದಿಮೂರಕ್ಕೆ ಮೈನೆರೆಯುತ್ತಾರೆ. ಅಂದರೆ ಏಳನೇ ತರಗತಿಯ ಆಸುಪಾಸು. ಹತ್ತಕ್ಕೇ ಆಗುವವರೂ ಇದ್ದಾರೆ, ಅದೇನೂ ರೋಗವಲ್ಲ. ಪ್ರಾಥಮಿಕ ಶಾಲೆ ಮುಗಿಸಿ ಹೈಸ್ಕೂಲಿಗೆ ಕಾಲಿಡುವ ಹೊತ್ತಿಗೆ ತರಗತಿಯ ಅರ್ಧದಷ್ಟಾದರೂ ಹುಡುಗಿಯರಿಗೆ ಆ ದಿನ ಬಂದು ಹೋಗಿರುತ್ತದೆ. ಪಾಠ ಬರುವುದು ಅದಾದ ಮೇಲೆ. ಅದನ್ನೂ ಮೇಷ್ಟ್ರು 'ಇದನ್ನ ನೀವೇ ಮನೇಲಿ ಓದ್ಕೊಳ್ಳಿ' ಎಂದು ಪುಟ ಮಗುಚುವ ಶಾಲೆಗಳು ಇನ್ನೂ ಇವೆ.

ದೇಹ ಮಾತ್ರ ಮುನ್ಸೂಚನೆ ಕೊಡದೆ ಈ ಕೆಲಸ ಮಾಡುವುದಿಲ್ಲ. ಎದೆಯಲ್ಲಿ ಸಣ್ಣ ಗಂಟಿನಂತೆ ಮೊದಲ ಬೆಳವಣಿಗೆ ಕಾಣಿಸಿಕೊಂಡು ಸುಮಾರು ಎರಡು, ಎರಡೂವರೆ ವರ್ಷಕ್ಕೆ ಮೊದಲ ಮುಟ್ಟು ಬರುತ್ತದೆ. ಕಂಕುಳಲ್ಲಿ ಕೂದಲು, ಮುಖದಲ್ಲಿ ಮೊಡವೆ, ಒಂದೇ ವರ್ಷದಲ್ಲಿ ಲಂಗ ಗಿಡ್ಡವಾಗುವಂತೆ ಎತ್ತರ ಹೆಚ್ಚುವುದು, ಇವೆಲ್ಲ ಆ ಅವಧಿಯಲ್ಲೇ ಆಗುತ್ತವೆ. ಇನ್ನು ಆರು ತಿಂಗಳು, ವರ್ಷ ಇದೆ ಎನ್ನುವಾಗ ಬಿಳಿ ಹೋಗುವುದು ಶುರುವಾಗಬಹುದು. ತುರಿಕೆ, ಕೆಟ್ಟ ವಾಸನೆ ಇಲ್ಲದಿದ್ದರೆ ಅದಕ್ಕೆ ಔಷಧಿ ಬೇಡ. ಮಗಳ ಎದೆ ನೋಯುತ್ತಿದೆ ಎಂದು ಗಾಬರಿಯಿಂದ ಕರೆತರುವ ತಾಯಂದಿರಿಗೆ ನಾನು ಹೇಳುವುದು, ಮಾತಾಡಲು ನಿಮಗೆ ಎರಡು ವರ್ಷ ಸಿಕ್ಕಿದೆ, ಇವತ್ತು ರಾತ್ರಿಯೇ ಶುರು ಮಾಡಿ ಅಂತ.

ಇದೇ ಮಾತಿಗೆಂದು ನಾನು ಶಾಲೆಗಳಿಗೆ ಹೋಗುವ ಆತಗೂರು ಮದ್ದೂರು ತಾಲ್ಲೂಕಿನ ಒಂದು ಹೋಬಳಿ. ಕಬ್ಬು, ರಾಗಿ, ತೆಂಗು, ಹಿಪ್ಪುನೇರಳೆಯ ಊರುಗಳು. ಬೆಳಗಾಗುತ್ತಲೇ ಅವ್ವಂದಿರು ಗದ್ದೆಗೋ ಗಾರ್ಮೆಂಟ್ಸ್ ಬಸ್ಸಿಗೋ ಹೊರಡುತ್ತಾರೆ, ಹೈಕ್ಳು ಬ್ಯಾಗು ಹೊತ್ತು ಶಾಲೆಗೆ ಹೊರಡುತ್ತವೆ. ಆ ಕಡೆಯ ಶಾಲೆಗಳಲ್ಲಿ ಹುಡುಗಿಯರ ಜೊತೆ ಮಾತಾಡಲು ಕೂತಾಗ ನಾನು ಮೊದಲು ಪಾಠ ಮಾಡುವುದಿಲ್ಲ. ಹೆಸರು ಬರೆಯದೆ ಒಂದು ಚೀಟಿಯಲ್ಲಿ ಪ್ರಶ್ನೆ ಬರೆದು ಕೊಡಿ ಅನ್ನುತ್ತೇನೆ. ಮೊದಲು ಒಬ್ಬರ ಮುಖ ಒಬ್ಬರು ನೋಡಿಕೊಂಡು ನಗುತ್ತಾರೆ. ಆಮೇಲೆ ಅಂಗೈ ಮರೆ ಮಾಡಿಕೊಂಡು ಬರೆಯಲು ಕೂತರೆ ಚೀಟಿಗಳು ತುಂಬುತ್ತವೆ.

'ಅಷ್ಟೊಂದು ರಕ್ತ ಹೋದ್ರೆ ಸತ್ತೋಗಲ್ವಾ?' ಈ ಚೀಟಿ ಬರದ ಶಾಲೆಯಿಲ್ಲ. ಬಾಯಲ್ಲಿ ಹೇಳಿದರೆ ನಂಬುವುದಿಲ್ಲವೆಂದು ಅಕ್ಷರ ದಾಸೋಹದ ಅಡುಗೆ ಮನೆಯಿಂದ ಒಂದು ಸ್ಟೀಲ್ ಲೋಟ, ಒಂದು ದೊಡ್ಡ ಚಮಚ ತರಿಸುತ್ತೇನೆ. ಕುಂಕುಮ ಕದಡಿದ ನೀರನ್ನು ಎರಡು, ಎರಡೂವರೆ ಚಮಚ ಲೋಟಕ್ಕೆ ಹಾಕಿ ಕೈಯಿಂದ ಕೈಗೆ ದಾಟಿಸುತ್ತೇನೆ. ಲೋಟದ ತಳ ಮಾತ್ರ ಮುಚ್ಚಿರುತ್ತದೆ. ಒಂದು ಸಲದ ಮುಟ್ಟಿನಲ್ಲಿ ಎಲ್ಲಾ ದಿನವೂ ಸೇರಿ ಸಾಮಾನ್ಯವಾಗಿ ಹೋಗುವ ರಕ್ತ ಅಷ್ಟೇ, ಮೂವತ್ತರಿಂದ ನಲವತ್ತು ಮಿಲಿಲೀಟರು. ಬಟ್ಟೆಯ ಮೇಲೆ ಹರಡಿದಾಗ ಬಹಳವಾಗಿ ಕಾಣುತ್ತದೆ. ಎಂಬತ್ತು ಮಿಲಿಲೀಟರು ದಾಟಿದರೆ ಅದು ಹೆಚ್ಚು. ಅಳೆಯುವವರು ಯಾರು ಅಂತೀರಾ? ಗಂಟೆ ಎರಡು ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ದೊಡ್ಡ ದೊಡ್ಡ ಗಡ್ಡೆ ಬೀಳುತ್ತಿದ್ದರೆ, ಏಳು ದಿನ ಕಳೆದರೂ ನಿಲ್ಲದಿದ್ದರೆ ಅಳತೆಯ ಅಗತ್ಯವೇ ಇಲ್ಲ, ಆಸ್ಪತ್ರೆಗೆ ಬನ್ನಿ.

ರಕ್ತ ಯಾಕೆ ಹೋಗುತ್ತದೆ ಎನ್ನುವುದಕ್ಕೆ ಅವರ ಗದ್ದೆಯನ್ನೇ ನೆನಪಿಸುತ್ತೇನೆ. ಭತ್ತದ ಒಟ್ಲು ಹಾಕುವ ಮುಂಚೆ ಅಪ್ಪ ಮಡಿ ಹದ ಮಾಡುತ್ತಾನಲ್ಲ, ಗರ್ಭಕೋಶವೂ ತಿಂಗಳು ತಿಂಗಳು ತನ್ನ ಒಳಪದರವನ್ನು ಹಾಗೆಯೇ ಹದ ಮಾಡಿಕೊಳ್ಳುತ್ತದೆ. ಅಂಡಾಶಯದಿಂದ ಒಂದು ಅಂಡ ಹೊರಡುತ್ತದೆ. ಅದು ಗಂಡಿನ ವೀರ್ಯಾಣುವಿನ ಜೊತೆ ಸೇರಿದರೆ ಆ ಪದರದಲ್ಲಿ ಬೇರು ಬಿಡುತ್ತದೆ. ಸೇರದಿದ್ದರೆ ಪದರಕ್ಕೆ ಕೆಲಸವಿಲ್ಲ, ಸುಮಾರು ಹದಿನಾಲ್ಕು ದಿನಕ್ಕೆ ಕಳಚಿ ರಕ್ತದೊಂದಿಗೆ ಹೊರಬರುತ್ತದೆ. ಅದರಲ್ಲಿ ಕೊಳಕೂ ಇಲ್ಲ, ವಿಷವೂ ಇಲ್ಲ. 'ಕೆಟ್ಟ ರಕ್ತ ಹೋಗ್ತದೆ ಕಣವ್ವ' ಎಂದು ಅಜ್ಜಿ ಸಮಾಧಾನ ಹೇಳುವುದು ಪ್ರೀತಿಯಿಂದಲೇ. ಆದರೆ ತನ್ನ ಮೈಯೊಳಗೆ ಕೆಟ್ಟದ್ದೇನೋ ತಿಂಗಳಿಗೊಮ್ಮೆ ತುಂಬಿಕೊಳ್ಳುತ್ತದೆ ಎಂದು ಹನ್ನೆರಡರ ಹುಡುಗಿ ನಂಬಿದರೆ ಆ ನಂಬಿಕೆ ಬಹಳ ವರ್ಷ ಕಾಡುತ್ತದೆ.

ಉಪ್ಪಿನಕಾಯಿ ಮುಟ್ಟಿದರೆ ನಿಜವಾಗಿ ಕೆಡುತ್ತದಾ, ಹೂವಿನ ಗಿಡ ಒಣಗುತ್ತದಾ, ರೇಷ್ಮೆ ಹುಳದ ಮನೆಗೆ ಯಾಕೆ ಬಿಡುವುದಿಲ್ಲ, ಇಂಥ ಚೀಟಿಗಳೂ ಬರುತ್ತವೆ. ಉಪ್ಪಿನಕಾಯಿಗೆ ಬೂಷ್ಟು ಹಿಡಿಯುವುದು ಒದ್ದೆ ಕೈಗೆ, ಒದ್ದೆ ಸೌಟಿಗೆ, ಉಪ್ಪು ಕಡಿಮೆ ಬಿದ್ದದ್ದಕ್ಕೆ. ಮುಟ್ಟಾದ ಡಾಕ್ಟರು ಹೆರಿಗೆ ಮಾಡಿಸುತ್ತಾರೆ, ಮುಟ್ಟಾದ ನರ್ಸು ಕೂಸನ್ನು ಎತ್ತಿಕೊಳ್ಳುತ್ತಾರೆ, ನೀವು ಹುಟ್ಟಿದಾಗಲೂ ಹಾಗೇ ಆಗಿರಬಹುದು ಎಂದರೆ ಹುಡುಗಿಯರು ಸುಮ್ಮನೆ ಯೋಚನೆಗೆ ಬೀಳುತ್ತಾರೆ. ದೇವರ ಮನೆಯ ವಿಷಯದಲ್ಲಿ ಅವರ ಮನೆಯವರೊಂದಿಗೆ ಜಗಳಕ್ಕೆ ನಾನು ಕಳಿಸುವುದಿಲ್ಲ. ಆದರೆ ಒಂದು ಮಾತು ಹೇಳಿಯೇ ಬರುತ್ತೇನೆ. ಹನ್ನೆರಡನೇ ಶತಮಾನದಲ್ಲಿ ಶರಣರು ಐದು ಸೂತಕಗಳನ್ನು ತಳ್ಳಿಹಾಕಿದರು. ಜಾತಿ, ಜನನ, ಮರಣ, ಎಂಜಲಿನ ಜೊತೆಗೆ ಮುಟ್ಟಿನ ಸೂತಕವೂ ಅದರಲ್ಲಿತ್ತು. ಈ ನೆಲಕ್ಕೆ ಇದು ಹೊರಗಿನಿಂದ ಬಂದ ಹೊಸ ವಿಚಾರವಲ್ಲ. ಹಾಗಿದ್ದೂ 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಸೂತಕದ ಹೆಸರಲ್ಲಿ ಊರಾಚೆಯ ಗುಡಿಸಲಿನಲ್ಲಿಟ್ಟ ಬಾಣಂತಿಯ ಹಸುಗೂಸು ತೀರಿಕೊಂಡಿತು. ಮೂಲೆಗೆ ಕೂರಿಸುವುದು ಒಂದು ಶಾಸ್ತ್ರವಷ್ಟೇ ಎನ್ನುವವರು ಆ ಕೂಸನ್ನು ನೆನೆಯಬೇಕು.

ಎಲ್ಲಕ್ಕಿಂತ ಎಚ್ಚರದಿಂದ ಓದಬೇಕಾದ ಚೀಟಿ ಇನ್ನೊಂದು. 'ಎರಡು ತಿಂಗ್ಳಿಂದ ಆಗಿಲ್ಲ. ಅವ್ವನ್ಗೆ ಹೇಳಕ್ಕೆ ಭಯ.' ಬಹುಪಾಲು ಇದು ಸಹಜವೇ. ಮೊದಲ ಎರಡು ವರ್ಷ ಮಿದುಳು ಮತ್ತು ಅಂಡಾಶಯದ ನಡುವಿನ ಹಾರ್ಮೋನುಗಳ ತಾಳಮೇಳ ಕೂಡಿಬಂದಿರುವುದಿಲ್ಲ, ಪ್ರತಿ ತಿಂಗಳೂ ಅಂಡ ಬಿಡುಗಡೆಯಾಗುವುದಿಲ್ಲ. ಮೊದಲ ದಿನದಿಂದ ಮುಂದಿನ ಮೊದಲ ದಿನಕ್ಕೆ ಎಣಿಸಿದರೆ ಇಪ್ಪತ್ತೊಂದರಿಂದ ನಲವತ್ತೈದು ದಿನ ಈ ವಯಸ್ಸಿಗೆ ಸರಿಯೇ. ಮನೆಯ ಕ್ಯಾಲೆಂಡರಿನಲ್ಲಿ ಸಣ್ಣದೊಂದು ಚುಕ್ಕೆ ಇಟ್ಟುಕೊಳ್ಳಿ ಅನ್ನುತ್ತೇನೆ. ಮೂರು ತಿಂಗಳು ದಾಟಿದರೆ, ಹದಿನೈದು ತುಂಬಿದರೂ ಮುಟ್ಟೇ ಶುರುವಾಗದಿದ್ದರೆ ವೈದ್ಯರು ನೋಡಬೇಕು. ಆದರೆ ಆ 'ಭಯ' ಎನ್ನುವ ಶಬ್ದವನ್ನು ದಾಟಿ ಹೋಗಬಾರದು. ಯಾರೋ ಆ ಮಗುವಿಗೆ ಕೆಡುಕು ಮಾಡಿರಬಹುದು. ಅಂಥ ಚೀಟಿ ಬಂದ ಕಡೆಯಲ್ಲಿ ನಾನು ಕೂಟ ಮುಗಿದ ಮೇಲೂ ಕೂತಿರುತ್ತೇನೆ, ಯಾರಿಗಾದರೂ ಒಬ್ಬರೇ ಮಾತಾಡಬೇಕಿದ್ದರೆ ಬನ್ನಿ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿ. ಮಕ್ಕಳ ಸಹಾಯವಾಣಿ 1098ನ್ನು ಬೋರ್ಡಿನ ಮೇಲೆ ದೊಡ್ಡದಾಗಿ ಬರೆಯುತ್ತೇನೆ. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೊ ಕಾಯ್ದೆ ಬಂದದ್ದು 2012ರಲ್ಲಿ. ಅದರ ಹೆಸರು ಹುಡುಗಿಯರಿಗೆ ಗೊತ್ತು, ಯಾರ ಹತ್ತಿರ ಹೋಗಿ ಏನು ಹೇಳಬೇಕೆಂಬುದು ಗೊತ್ತಿಲ್ಲ.

ಇನ್ನು ಆರತಿಯ ವಿಷಯ. ಮಂಡ್ಯ ಸೀಮೆಯಲ್ಲಿ ಹುಡುಗಿ ದೊಡ್ಡವಳಾದಳು ಎಂದರೆ ಸೋದರಮಾವನಿಗೆ ಸುದ್ದಿ ಹೋಗುತ್ತದೆ. ಹಸಿರು ಸೊಪ್ಪು ತಂದು ಗುಡ್ಲು ಕಟ್ಟುತ್ತಾರೆ, ಒನಕೆ ಅಡ್ಡ ಇಟ್ಟು ಕೂರಿಸುತ್ತಾರೆ, ತಟ್ಟೆ ಲೋಟ ಬೇರೆ ಇಡುತ್ತಾರೆ. ಸಂಜೆಯಾದರೆ ನೆರೆಮನೆಯ ಹೆಂಗಸರು ಬಂದು ಸೋಬಾನೆ ಹಾಡಿ ಆರತಿ ಎತ್ತುತ್ತಾರೆ. ಎಳ್ಳು ಬೆಲ್ಲ ಕುಟ್ಟಿದ ಚಿಗಳಿ, ಕೊಬ್ಬರಿ, ತುಪ್ಪ ತಿನ್ನಿಸುತ್ತಾರೆ. ಈಚೆಗೆ ಛತ್ರದ ಮುಂದೆ ಹುಡುಗಿಯ ಫೋಟೊ ಹಾಕಿದ ಫ್ಲೆಕ್ಸೂ ಏಳುತ್ತದೆ. ಇದರಲ್ಲಿ ಎಲ್ಲವೂ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಮನೆಯವರ ಸಂಭ್ರಮ ಸುಳ್ಳಲ್ಲ. ಎಳ್ಳು ಬೆಲ್ಲ ಬೆಳೆಯುವ ಮೈಗೆ ಒಳ್ಳೆಯ ಆಹಾರ. ವರ್ಷವಿಡೀ ಅಣ್ಣತಮ್ಮಂದಿರ ತಟ್ಟೆಯಲ್ಲಿ ಉಳಿದದ್ದನ್ನು ಉಣ್ಣುವ ಹುಡುಗಿಗೆ ಆ ಕೆಲವು ದಿನವಾದರೂ ಮೊದಲು ಬಡಿಸುತ್ತಾರೆ. ನನ್ನ ಸಂಕಟ ಬೇರೆಯದು. ಊರಿಗೆಲ್ಲ ಸುದ್ದಿ ಮುಟ್ಟಿಸುವ ಮನೆ, ಗುಡ್ಲಿನೊಳಗೆ ಕೂತವಳಿಗೆ ಅವಳ ಮೈಯಲ್ಲಿ ಏನಾಯಿತು ಎಂದು ಒಂದು ಮಾತು ಹೇಳಿರುವುದಿಲ್ಲ. ಹೇಳುವುದೆಲ್ಲ ಬರೀ ಬೇಡಗಳು. ಅಲ್ಲಿ ಹೋಗಬ್ಯಾಡ, ಇದು ಮುಟ್ಟಬ್ಯಾಡ, ಹುಡುಗರ ಜೊತೆ ಮಾತಾಡಬ್ಯಾಡ.

ಮೇಲಾಗಿ ಆರತಿಗೆ ಬಂದ ನೆಂಟರ ಕಣ್ಣಲ್ಲಿ ಏಳನೇ ತರಗತಿಯ ಹುಡುಗಿ ಆ ದಿನದಿಂದ ಮದುವೆಯ ಹೆಣ್ಣು. ಮುಟ್ಟು ಶುರುವಾಯಿತು ಎಂದರೆ ದೇಹ ಹೆರಿಗೆಗೆ ಸಿದ್ಧವಾಯಿತು ಎಂದಲ್ಲ. ಸೊಂಟದ ಎಲುಬು ಆಮೇಲೂ ಕೆಲವು ವರ್ಷ ಬೆಳೆಯುತ್ತದೆ. ಹದಿನಾರು ಹದಿನೇಳರಲ್ಲಿ ಬಸುರಿಯಾದವರು ರಕ್ತದ ಒತ್ತಡ ಏರಿಸಿಕೊಂಡು, ರಕ್ತಹೀನತೆಯಿಂದ ಬಿಳಿಚಿಕೊಂಡು ಹೆರಿಗೆ ವಾರ್ಡಿಗೆ ಬರುವುದನ್ನು ಕಂಡವಳು ನಾನು. ಕರ್ನಾಟಕದ 2016ರ ತಿದ್ದುಪಡಿಯ ಪ್ರಕಾರ ನಮ್ಮ ರಾಜ್ಯದಲ್ಲಿ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂಥ ಮದುವೆ ನಡೆದೇ ಇಲ್ಲ ಎನ್ನುವ ಲೆಕ್ಕ. ಇದನ್ನು ಹುಡುಗಿಯರಿಗೆ ಹೇಳಿಕೊಡುವುದೂ ಸಂತಾನ ಆರೋಗ್ಯದ ಪಾಠವೇ.

ಹಾಗೆಯೇ ಗಂಡೋ ಹೆಣ್ಣೋ ಎನ್ನುವುದು ಹೇಗೆ ನಿರ್ಧಾರವಾಗುತ್ತದೆ ಎನ್ನುವ ಪಾಠ. ತಾಯಿಯ ಅಂಡದಲ್ಲಿ ಯಾವಾಗಲೂ ಎಕ್ಸ್ ವರ್ಣತಂತು. ತಂದೆಯಿಂದ ಎಕ್ಸ್ ಬಂದರೆ ಹೆಣ್ಣು, ವೈ ಬಂದರೆ ಗಂಡು. 2023ರ ಕೊನೆಯಲ್ಲಿ ಬೆಂಗಳೂರಿನ ಬೈಯಪ್ಪನಹಳ್ಳಿ ಪೊಲೀಸರು ಬಯಲಿಗೆಳೆದ ಭ್ರೂಣಲಿಂಗ ಪತ್ತೆ ಜಾಲ ನಮ್ಮ ಮಂಡ್ಯದ ಆಲೆಮನೆಯೊಂದರಲ್ಲಿ ಸ್ಕ್ಯಾನಿಂಗ್ ಮಾಡುತ್ತಿತ್ತು. ಬೆಲ್ಲ ಕಾಯಿಸುವ ಜಾಗದಲ್ಲಿ ಹೆಣ್ಣು ಭ್ರೂಣ ಹುಡುಕುವ ಯಂತ್ರ. ಆ ಸುದ್ದಿ ಓದಿದ ದಿನದ ಸಿಟ್ಟು ನನಗೆ ಇನ್ನೂ ಇಳಿದಿಲ್ಲ. 1994ರಿಂದ ಇದನ್ನು ತಡೆಯಲು ಕಾನೂನಿದೆ. ಆದರೆ ಹೆಣ್ಣು ಹೆತ್ತಳೆಂದು ಸೊಸೆಯನ್ನು ದೂರುವ ಅತ್ತೆಗೂ, ಆ ದೂರನ್ನು ತಲೆತಗ್ಗಿಸಿ ಕೇಳುವ ಸೊಸೆಗೂ ಶಾಲೆಯಲ್ಲಿ ಯಾರೂ ಈ ಎಕ್ಸ್, ವೈ ಹೇಳಿಕೊಟ್ಟಿರಲಿಲ್ಲ. ಈ ಪಾಠಕ್ಕೆ ಹುಡುಗರು ಪಕ್ಕದಲ್ಲೇ ಕೂತಿರಬೇಕು. ಹುಡುಗರನ್ನು ಆಟಕ್ಕೆ ಕಳಿಸಿ ಹುಡುಗಿಯರಿಗೆ ಮಾತ್ರ ಹೇಳಿದರೆ, ಲಂಗದ ಕಲೆ ನೋಡಿ ನಗುವವರನ್ನು ನಾವೇ ತಯಾರು ಮಾಡಿದಂತೆ.

ಇಷ್ಟೆಲ್ಲ ಹೇಳಿದರೆ ಮಕ್ಕಳು ಕೆಡುತ್ತಾರೆ ಎನ್ನುವ ವಾದ ಹಳೆಯದು. 2007ರಲ್ಲಿ ಕೇಂದ್ರದ ಹದಿಹರೆಯ ಶಿಕ್ಷಣ ಕಾರ್ಯಕ್ರಮವನ್ನು ಕರ್ನಾಟಕವೂ ಸೇರಿ ಹಲವು ರಾಜ್ಯಗಳು ಇದೇ ಮಾತಿನ ಮೇಲೆ ತಡೆಹಿಡಿದವು. ಅದಕ್ಕೂ ಎಷ್ಟೋ ವರ್ಷ ಮೊದಲು ನಮ್ಮಲ್ಲೇ ಡಾ. ಅನುಪಮಾ ನಿರಂಜನ 'ಕೇಳು ಕಿಶೋರಿ' ಎಂಬ ಪುಸ್ತಕವನ್ನು ಹದಿಹರೆಯದ ಹುಡುಗಿಯರಿಗೆಂದೇ ಬರೆದಿದ್ದರು. ಕನ್ನಡದಲ್ಲಿ ಈ ಮಾತನ್ನು ಮರ್ಯಾದೆಯಿಂದ, ಸಲೀಸಾಗಿ ಹೇಳಬಹುದೆಂದು ವೈದ್ಯೆಯೊಬ್ಬರು ತೋರಿಸಿಕೊಟ್ಟ ಮೇಲೂ ಇದಕ್ಕೆ ನಮ್ಮ ಭಾಷೆಯಲ್ಲಿ ಮಾತಿಲ್ಲ ಎಂದು ದೂರುವುದು ಸರಿಯಲ್ಲ. ಈಗ ಹೇಳದೆ ಬಿಟ್ಟದ್ದನ್ನೆಲ್ಲ ಮೊಬೈಲ್ ಹೇಳುತ್ತದೆ, ಅದು ಹೇಳುವ ರೀತಿ ನಮಗೆಲ್ಲ ಗೊತ್ತು.

ಪ್ಯಾಡ್ ಬಗ್ಗೆ ಎರಡು ಮಾತು. ಸರ್ಕಾರಿ ಶಾಲೆ ಹುಡುಗಿಯರಿಗೆ ಉಚಿತ ಪ್ಯಾಡ್ ಕೊಡುವ ಶುಚಿ ಯೋಜನೆ 2013-14ರಲ್ಲಿ ಶುರುವಾಗಿ, ಕೋವಿಡ್ ಕಾಲದಲ್ಲಿ ನಿಂತು, 2024ರಲ್ಲಿ ಮತ್ತೆ ಚಾಲೂ ಆಯಿತು. ನಡುವಿನ ಆ ವರ್ಷಗಳಲ್ಲಿ ಮೈನೆರೆದ ಹುಡುಗಿಯರಿಗೆ ಅದು ಸಿಗಲೇ ಇಲ್ಲ. ಜನೌಷಧಿ ಅಂಗಡಿಯಲ್ಲಿ ಪ್ಯಾಡ್ ಒಂದಕ್ಕೆ ಒಂದು ರೂಪಾಯಿ, 2018ರಿಂದ ಪ್ಯಾಡಿಗೆ ಜಿಎಸ್‌ಟಿಯೂ ಇಲ್ಲ. ಯಾವುದನ್ನೇ ಬಳಸಲಿ, ನಾಲ್ಕರಿಂದ ಆರು ಗಂಟೆಗೊಮ್ಮೆ ಬದಲಿಸಬೇಕು. ಬಟ್ಟೆ ಬಳಸುವುದರಲ್ಲಿ ತಪ್ಪೇನಿಲ್ಲ, ತಣ್ಣೀರು ಸೋಪಿನಲ್ಲಿ ಒಗೆದು ಬಿಸಿಲಿಗೆ ಹರವಿದರೆ ಆಯಿತು. ಮಂಚದಡಿ, ಲಂಗದ ಕೆಳಗೆ ಮುಚ್ಚಿಟ್ಟು ಅರೆಬರೆ ಒಣಗಿಸುವುದರಿಂದಲೇ ತೊಂದರೆ. ಬಳಸಿದ ಪ್ಯಾಡ್ ಕಾಗದದಲ್ಲಿ ಸುತ್ತಿ ಕಸದ ಡಬ್ಬಿಗೆ ಹೋಗಬೇಕು, ನಾಲೆಗಲ್ಲ. ಶಾಲೆಯ ಶೌಚಾಲಯದಲ್ಲಿ ಚಿಲಕ, ನೀರು, ಮುಚ್ಚಳವಿರುವ ಡಬ್ಬಿ, ಈ ಮೂರೂ ಇವೆಯಾ ಎಂದು ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಸದಸ್ಯರು ಒಳಗೆ ಹೋಗಿ ನೋಡಿ ಬರಲಿ. ಚಿಲಕವಿಲ್ಲದ ಬಾಗಿಲಿಗೆ ಗೆಳತಿಯನ್ನು ಕಾವಲು ನಿಲ್ಲಿಸುವ ಹುಡುಗಿ ಮುಂದಿನ ತಿಂಗಳು ಆ ದಿನಗಳಲ್ಲಿ ಶಾಲೆಗೇ ಬರುವುದಿಲ್ಲ.

ಹೊಟ್ಟೆನೋವಿಗೂ ಹುಡುಗಿಯರು ಶಾಲೆ ಬಿಡುತ್ತಾರೆ. ಗರ್ಭಕೋಶ ತನ್ನ ಪದರವನ್ನು ಹೊರದೂಡಲು ಹಿಂಡಿಕೊಳ್ಳುವ ನೋವು ಅದು. ಬಿಸಿನೀರಿನ ಶಾಖ, ಸ್ವಲ್ಪ ಓಡಾಟ, ಸಾಲದಿದ್ದರೆ ವೈದ್ಯರು ಹೇಳಿದ ಮಾತ್ರೆ. ನೋವಿನ ಮಾತ್ರೆ ನುಂಗಿದರೆ ಮುಂದೆ ಮಕ್ಕಳಾಗುವುದಿಲ್ಲ ಎನ್ನುವುದು ಶುದ್ಧ ಸುಳ್ಳು. ಶಾಲೆಯಲ್ಲಿ ವಾರಕ್ಕೊಂದು ಕೊಡುವ ನೀಲಿ ಕಬ್ಬಿಣಾಂಶದ ಮಾತ್ರೆಯನ್ನು ಊಟವಾದ ಮೇಲೆ ನುಂಗಿ, ಕಿಟಕಿಯಾಚೆ ಎಸೆಯಬೇಡಿ. ಮಲ ಕಪ್ಪಗಾದರೆ ಗಾಬರಿ ಬೇಡ. ನುಗ್ಗೆ ಸೊಪ್ಪು, ಬಸ್ಸಾರಿನ ಸೊಪ್ಪು, ಹುರುಳಿಕಾಳಿಗೆ ನಿಂಬೆರಸ ಹಿಂಡಿಕೊಳ್ಳಿ. ಊಟದ ಜೊತೆ ಟೀ ಕುಡಿದರೆ ಆ ಕಬ್ಬಿಣ ಸರಿಯಾಗಿ ಮೈಗೆ ಹತ್ತುವುದಿಲ್ಲ. ಯಾರಿಗೂ ಹೇಳಲಾಗದ ಪ್ರಶ್ನೆಯಿದ್ದರೆ ಸರ್ಕಾರಿ ಆಸ್ಪತ್ರೆಗಳಲ್ಲಿ ಹದಿಹರೆಯದವರಿಗೆಂದೇ ಸ್ನೇಹ ಕ್ಲಿನಿಕ್ ಇರುತ್ತದೆ, ಆಶಾ ಕಾರ್ಯಕರ್ತೆಯನ್ನು ಕೇಳಿದರೆ ದಾರಿ ಹೇಳುತ್ತಾರೆ.

ಮೇ 28ನ್ನು ಜಗತ್ತು 2014ರಿಂದ ಮುಟ್ಟಿನ ನೈರ್ಮಲ್ಯ ದಿನವೆಂದು ಆಚರಿಸುತ್ತಿದೆ. ಈಚಿನ ವರ್ಷಗಳಲ್ಲಿ ನಮ್ಮ ಶಾಲೆಗಳು ಬೇಸಿಗೆ ರಜೆ ಮುಗಿಸಿ ತೆರೆಯುವುದು ಮೇ 29ಕ್ಕೆ. ಅದಕ್ಕೇ ಆತಗೂರು ಹೋಬಳಿಯ ಶಾಲೆಗಳಿಗೆ ನನ್ನದೊಂದು ಕೋರಿಕೆ. ಜೂನ್ ತಿಂಗಳ ಒಂದು ಭಾನುವಾರ, ಗಾರ್ಮೆಂಟ್ಸ್‌ಗೆ ರಜೆಯಿರುವ ದಿನ, ಐದನೇ ತರಗತಿಯ ಹುಡುಗಿಯರನ್ನು ಅವರ ಅವ್ವ, ಅಜ್ಜಿಯರ ಜೊತೆ ಕರೆಯಿರಿ. ಮೊದಲ ಮುಟ್ಟು ಶುರುವಾಗುವ ಹೊತ್ತಿಗೆ ಅವ್ವ ಕೆಲಸದಲ್ಲಿರುತ್ತಾಳೆ, ಮನೆಯಲ್ಲಿ ಸಿಗುವವಳು ಅಜ್ಜಿಯೇ. ಅವಳನ್ನು ಬಿಟ್ಟು ಈ ಪಾಠ ಮಾಡಬೇಡಿ. ಆಶಾ ಕಾರ್ಯಕರ್ತೆ ಒಂದು ಪ್ಯಾಡ್ ಬಿಡಿಸಿ, ಒಳಉಡುಪಿಗೆ ಅಂಟಿಸಿ ತೋರಿಸಲಿ, ಹುಡುಗಿಯರು ತಾವೇ ಒಂದೊಂದು ಅಂಟಿಸಿ ನೋಡಲಿ. ಆರನೇ ತರಗತಿಗೆ ಹೋಗುವಾಗ ಬ್ಯಾಗಿನ ಒಳಜೇಬಿನಲ್ಲಿ ಎರಡು ಪ್ಯಾಡು, ಒಂದು ಜೊತೆ ಒಳಉಡುಪು ಇರಲಿ. ಶಾಲೆಯಲ್ಲಿ ಶುರುವಾದರೆ ಯಾವ ಟೀಚರ ಹತ್ತಿರ ಹೋಗಬೇಕು ಎನ್ನುವುದು ಅವತ್ತೇ ತೀರ್ಮಾನವಾಗಲಿ. ಟೀಚರೇ ಇಲ್ಲದ, ಮೇಷ್ಟ್ರೊಬ್ಬರೇ ಇರುವ ಶಾಲೆಯಾದರೆ ಆ ಮೇಷ್ಟ್ರೇ ಮಕ್ಕಳ ಮುಂದೆ ನಿಂತು ಹೇಳಲಿ: 'ಏನೇ ಆದ್ರೂ ನನ್ಗೆ ಹೇಳ್ರವ್ವಾ, ಪ್ಯಾಡು ಬೀರುನಲ್ಲಿ ಮಡಗಿದೀನಿ, ಬೀಗ ಹಾಕಿಲ್ಲ.'